ಮುಡಿಪಿನ ಡೀಸೆಲ್

ಮಣಿಪಾಲದ ನಮ್ಮ ಕಟ್ಟಡದ ಎಂಟನೆಯ ಮಹಡಿಯಲ್ಲಿ ಇರುವುದು ನಾನು ಮತ್ತು ನನ್ನ ಅಕ್ಕ ಇಬ್ಬರೇ. ಅಕ್ಕ ಕಾಪುವಿನ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು, ನಾನು ಅದೇ ಶಾಲೆಯಲ್ಲಿ ವಿಜ್ಞಾನ. ಹಾಗಾಗಿ ಎಲ್ಲರ ಬಾಯಲ್ಲಿ ಅವಳು ದೊಡ್ಡ ಟೀಚರು, ನಾನು ಬರೀ ಟೀಚರು. ಇಬ್ಬರೂ ಮದುವೆಯಾಗಲಿಲ್ಲ. ನನ್ನನ್ನು ಓದಿಸುವ ಗಡಿಬಿಡಿಯಲ್ಲಿ ಅವಳು ಮರೆತಳಂತೆ, ಜಗಳವಾಡುವ ಗಡಿಬಿಡಿಯಲ್ಲಿ ನಾನು ಮರೆತೆನಂತೆ, ಹಾಗೆಂದು ಅವಳು ಬಂದವರ ಮುಂದೆ ಹೇಳಿ ನಗಿಸುವುದುಂಟು. ಕೆಲವು ವರ್ಷಗಳಿಂದ ಅವಳ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿದೆ. ಆಸ್ಪತ್ರೆ ಹತ್ತಿರವಿರಲಿ ಎಂದು ಕಾಪುವಿನ ಮನೆ ಮಾರಿ ಇಲ್ಲಿಗೆ ಬಂದೆವು.

ಅವಳ ಮಂಚದ ಪಕ್ಕ ಒಂದು ಆಕ್ಸಿಜನ್ ಮೆಷಿನ್ ಉಂಟು. ಹಗಲೂ ರಾತ್ರಿ ಗುರುಗುಟ್ಟುತ್ತ ಕೋಣೆಯ ಗಾಳಿಯಿಂದಲೇ ಆಮ್ಲಜನಕ ಸೋಸಿ ಸಣ್ಣ ನಳಿಗೆಯಲ್ಲಿ ಅವಳ ಮೂಗಿಗೆ ಕಳುಹಿಸುತ್ತದೆ. ಕರೆಂಟು ಹೋದರೆ ಒಮ್ಮೆ ಕೀರಲು ದನಿಯಲ್ಲಿ ಕೂಗಿ ನಿಲ್ಲುತ್ತದೆ. ಮನೆಯ ಇನ್ವರ್ಟರಿಗೆ ಅದನ್ನು ಎಳೆಯುವ ತ್ರಾಣವಿಲ್ಲ. ಕಟ್ಟಡದ ಜನರೇಟರ್ ಶುರುವಾಗುವ ತನಕ ಮೂಲೆಯಲ್ಲಿರುವ ಆಕ್ಸಿಜನ್ ಸಿಲಿಂಡರಿಗೆ ನಳಿಗೆ ಬದಲಿಸಿ ಸುಧಾರಿಸುತ್ತೇನೆ. ಬಚ್ಚಲಿಗೆ ಹೋಗಿ ಬರುವುದೇ ಅವಳಿಗೆ ಒಂದು ಯಾತ್ರೆ. ಎಂಟು ಮಹಡಿಯ ಮೆಟ್ಟಿಲು ಇಳಿಯುವ ಮಾತು ಬಿಡಿ.

ಇದನ್ನೆಲ್ಲ ಮೊದಲೇ ಹೇಳಿದ್ದು ಏಕೆಂದರೆ, ನೆಲಮಾಳಿಗೆಯ ಒಂದು ಡೀಸೆಲ್ ಟ್ಯಾಂಕಿನ ಮೇಲೆ ನನಗೆ ಅಷ್ಟೊಂದು ವ್ಯಾಮೋಹ ಹೇಗೆ ಹುಟ್ಟಿತು ಎಂದು ಕಟ್ಟಡದವರು ಈಗಲೂ ಕೇಳುತ್ತಾರೆ.

ನಿವಾಸಿಗಳ ಸಂಘದಲ್ಲಿ ಯಾರೂ ಒಪ್ಪದ ಕೆಲಸಗಳನ್ನು ನಿವೃತ್ತ ಟೀಚರುಗಳ ತಲೆಗೆ ಕಟ್ಟುವುದು ರೂಢಿ. ಹಾಗೆ ಬೆಂಕಿಯ ವಿಷಯ ನನ್ನ ಪಾಲಿಗೆ ಬಂತು. ಒಂದು ದಿನ ಅಗ್ನಿಶಾಮಕದ ಅಧಿಕಾರಿಯೊಬ್ಬರು ತಪಾಸಣೆಗೆ ಉಡುಪಿಯಿಂದ ಬಂದರು. ಪಂಪುಗಳ ಕೋಣೆಗೆ ಅವರನ್ನು ಕರೆದುಕೊಂಡು ಹೋದದ್ದು ನಾನು ಮತ್ತು ನಮ್ಮ ಎಲೆಕ್ಟ್ರಿಷಿಯನ್. ಇವನು ಕಾರ್ಕಳದ ಕಡೆಯವನು, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಹೋಗುವವನು. ಲಿಫ್ಟಿನಿಂದ ಹಿಡಿದು ನಲ್ಲಿಯ ತನಕ ಎಲ್ಲಕ್ಕೂ ಅವನೇ. ಅಧಿಕಾರಿ ಡೀಸೆಲ್ ಪಂಪಿನ ಪಕ್ಕದ ಕೆಂಪು ಟ್ಯಾಂಕಿಗೆ ಬೆರಳಿನಿಂದ ಬಡಿದರು. ಖಾಲಿ ಕೊಡದ ಸದ್ದು ಬಂತು.

"ಇದು ಎಂತ?" ಎಂದರು.

ಎಲೆಕ್ಟ್ರಿಷಿಯನ್ ಕುತ್ತಿಗೆ ತುರಿಸಿಕೊಂಡ. ಟ್ಯಾಂಕಿನ ಹೊಟ್ಟೆಯ ಮೇಲೆ ಎಣ್ಣೆಯ ಮಟ್ಟ ತೋರಿಸುವ ಗಾಜಿನ ಕೊಳವೆ ಇತ್ತು. ಅದರ ಮೇಲೆ ಎಷ್ಟು ಜಿಡ್ಡು ಎಂದರೆ ಒಳಗೆ ಡೀಸೆಲ್ ಇದೆಯೋ ಜೇಡರ ಬಲೆ ಇದೆಯೋ ಗೊತ್ತಾಗುತ್ತಿರಲಿಲ್ಲ. ಅಧಿಕಾರಿ ಗದರಲಿಲ್ಲ, ಪಾಪ, ಪಾಠ ಮಾಡಿದರು. ಬೆಂಕಿ ಬಿದ್ದರೆ ಮೊದಲು ಕರೆಂಟು ತೆಗೆಯುತ್ತಾರೆ, ಆಗ ಕರೆಂಟಿನ ಪಂಪು ಸುಮ್ಮನಾಗುತ್ತದೆ, ಅದು ಜನರೇಟರಿನಲ್ಲೂ ಓಡುವುದಿಲ್ಲ, ಮೇಲಿನ ಮಹಡಿಗೆ ನೀರು ದೂಡುವುದು ಈ ಡೀಸೆಲ್ ಪಂಪು ಒಂದೇ. ಆದ್ದರಿಂದ ಟ್ಯಾಂಕು ಯಾವಾಗಲೂ ತುಂಬಿರಬೇಕು. ಮೂರರಲ್ಲಿ ಎರಡು ಪಾಲಿಗಿಂತ ಕೆಳಗೆ ಇಳಿಯಲೇಬಾರದು. ಮಟ್ಟ ಹೊರಗಿನಿಂದ ಕಾಣಬೇಕು, ಇಳಿದರೆ ವಾಚ್‌ಮ್ಯಾನ್ ಕೋಣೆಯಲ್ಲಿ ಗಂಟೆ ಹೊಡೆಯಬೇಕು, ವಾರಕ್ಕೊಮ್ಮೆ ಪಂಪು ಓಡಿಸಿ ಇಳಿದಷ್ಟನ್ನು ತುಂಬಿಸಬೇಕು.

"ಮೇಲೆ ಮೆಟ್ಟಿಲು ಇಳಿಯಲಾಗದವರು ಯಾರಾದರೂ ಇದ್ದಾರಾ?" ಎಂದು ಕೇಳಿದರು.

ಇದ್ದಾರೆ ಎಂದೆ. ಅಂದಿನಿಂದ ಆ ಟ್ಯಾಂಕು ನನಗೆ ಅಕ್ಕನ ಲೆಕ್ಕಕ್ಕೆ ಸೇರಿತು.

ಎಣ್ಣೆ ಎಲ್ಲಿಗೆ ಹೋಗುತ್ತಿತ್ತು ಎನ್ನುವುದರಲ್ಲಿ ಗುಟ್ಟೇನೂ ಇರಲಿಲ್ಲ. ಪಕ್ಕದಲ್ಲೇ ಜನರೇಟರ್. ಅದರ ಡೀಸೆಲ್ ಮುಗಿದರೆ ಲಿಫ್ಟು ನಿಲ್ಲುತ್ತದೆ, ಲಿಫ್ಟು ನಿಂತರೆ ವಾಚ್‌ಮ್ಯಾನಿಗೆ ಬೈಗುಳ. ಕೈಗೆ ಎಟಕುವಲ್ಲಿ ಒಂದು ತುಂಬಿದ ಟ್ಯಾಂಕು ಯಾವ ಕೆಲಸವೂ ಇಲ್ಲದೆ ಕೂತಿದೆ. ಒಂದು ಕ್ಯಾನು ತೆಗೆದರೆ ಎಂತ ಆಗುತ್ತದೆ, ನಾಳೆ ಹಾಕಿದರಾಯಿತು. ನಾಳೆ ಮಾತ್ರ ಬರುತ್ತಿರಲಿಲ್ಲ.

ನಮ್ಮ ಸಂಘದ ಅಧ್ಯಕ್ಷರು ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದವರು, ಒಳ್ಳೆಯವರು. ಒಳ್ಳೆಯವರ ತೊಂದರೆ ಏನೆಂದರೆ ಯಾರಿಗೂ ಇಲ್ಲ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಸಭೆಯಲ್ಲಿ ನಾನು ಅಧಿಕಾರಿ ಹೇಳಿದ್ದನ್ನೆಲ್ಲ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಟ್ಯಾಂಕು ತುಂಬಿಸಿದರು. ಮರುವಾರ ಹೋಗಿ ಗಾಜಿನ ಕೊಳವೆಯ ಜಿಡ್ಡು ಒರೆಸಿ ನೋಡಿದರೆ ಎಣ್ಣೆ ಅರ್ಧಕ್ಕೆ ಇಳಿದಿತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಜಾತಿ ನೀವು ಎಂದು ಅಲ್ಲೇ ನಿಂತು ಕೂಗಾಡಿದೆ. ಕೇಳಿಸಿಕೊಳ್ಳಲು ಎಲೆಕ್ಟ್ರಿಷಿಯನ್ ಒಬ್ಬನೇ ಇದ್ದದ್ದು.

ಅಕ್ಕ ಮಲಗಿದಲ್ಲಿಂದಲೇ ದಾರಿ ತೋರಿಸಿದಳು. ನಾವಿಬ್ಬರೂ ಮನೆಯಲ್ಲಿ ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಾನೂನು ಹೇಳಿದರೆ ಯಾರು ಕೇಳ್ತಾರೆ ಮಾರಾಯ್ತಿ? ಅದನ್ನು ಮುಡಿಪು ಅಂತ ಹೇಳು."

ಮುಡಿಪು ಎಂದರೆ ನಮ್ಮ ಕಡೆ ಬಿಡಿಸಿ ಹೇಳುವುದು ಬೇಡ. ಹರಕೆ ಹೊತ್ತು, ಅರಸಿನದ ಬಟ್ಟೆಯಲ್ಲಿ ಕಟ್ಟಿ, ದೇವರ ಮುಂದೆ ತೆಗೆದಿಟ್ಟ ಹಣ. ಮನೆಯಲ್ಲಿ ಅಕ್ಕಿಗೆ ಗತಿಯಿಲ್ಲದಿದ್ದರೂ ಅದನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಬೇಕೆಂಬ ಯೋಚನೆಯೂ ಬರುವುದಿಲ್ಲ. ವಿಜ್ಞಾನದ ಟೀಚರಾಗಿ ನನಗೆ ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಮುಂದಿನ ಸಭೆಯಲ್ಲಿ ಎದ್ದು ನಿಂತು, "ಆ ಟ್ಯಾಂಕಿನಲ್ಲಿರುವುದು ಎಣ್ಣೆ ಅಲ್ಲ, ಮುಡಿಪು. ಇಲ್ಲಿರುವ ಎಲ್ಲ ಮಕ್ಕಳ ಹೆಸರಿನಲ್ಲಿ ಕಟ್ಟಿಟ್ಟ ಮುಡಿಪು. ತೆಗೆಯುವವರು ಯೋಚಿಸಿ ತೆಗೆಯಿರಿ" ಎಂದೆ.

ಮರುದಿನ ನೋಡುತ್ತೇನೆ, ಎಲೆಕ್ಟ್ರಿಷಿಯನ್ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿ, ಅದರ ಮೇಲೆ ಅರಸಿನದ ಬಟ್ಟೆ ಸುತ್ತಿದ್ದಾನೆ. ಗಾಜಿನ ಕೊಳವೆ ಹೊಳೆಯುವ ಹಾಗೆ ಉಜ್ಜಿದ್ದಾನೆ. ಕೀ ತಂದು ನನ್ನ ಕೈಯಲ್ಲಿಟ್ಟ. ಅಂದಿನಿಂದ ಒಂದು ತೊಟ್ಟೂ ಇಳಿಯಲಿಲ್ಲ. ವಾರಕ್ಕೊಮ್ಮೆ ಪಂಪು ಓಡಿಸಿದ ಮೇಲೆ ಅವನೇ ಚಪ್ಪಲಿ ಬಿಟ್ಟು ಹೋಗಿ ತುಂಬಿಸುತ್ತಿದ್ದ. ಅಧಿಕಾರಿ ಹೇಳಿದ ಗಂಟೆಯೂ ವಾಚ್‌ಮ್ಯಾನ್ ಕೋಣೆಗೆ ಬಂತು. ನನಗೆ ಒಳಗೊಳಗೇ ಹೆಮ್ಮೆ. ಅಕ್ಕ ಆರಾಮವಾಗಿ ನಿದ್ದೆ ಮಾಡುವಾಗಲೆಲ್ಲ ಕೆಳಗೆ ತುಂಬಿ ಕೂತಿರುವ ಆ ಟ್ಯಾಂಕು ನೆನಪಾಗಿ ನನಗೂ ನಿದ್ದೆ ಬರುತ್ತಿತ್ತು.

ಮರುವರ್ಷದ ಮಳೆಗಾಲ ಗಾಳಿಯನ್ನು ಮುಂದಿಟ್ಟುಕೊಂಡೇ ಬಂತು. ಎಲ್ಲೆಲ್ಲೋ ಮರ ಬಿದ್ದು, ಕಂಬ ಮುರಿದು, ಕರೆಂಟು ಹೋದದ್ದು ಬರಲೇ ಇಲ್ಲ. ಪಡುಬಿದ್ರಿ ಕಡೆಯ ಸ್ಥಾವರದಲ್ಲಿ ಕರೆಂಟು ಹುಟ್ಟುತ್ತದಂತೆ, ನಾವು ಮೊಂಬತ್ತಿ ಹುಡುಕಬೇಕಂತೆ ಎಂದು ಅಧ್ಯಕ್ಷರು ಮೊದಲ ದಿನ ತಮಾಷೆ ಮಾಡಿದರು. ಎರಡನೆಯ ದಿನ ತಮಾಷೆ ಮುಗಿದಿತ್ತು. ಜನರೇಟರ್ ಡೀಸೆಲ್ ಕುಡಿಯುತ್ತಲೇ ಇತ್ತು. ತರುವ ಗಾಡಿ ಎಲ್ಲೋ ಬಿದ್ದ ಮರದ ಆಚೆ ನಿಂತಿತ್ತು. ನಾನೇ ಆಟೋ ಮಾಡಿಕೊಂಡು ಎರಡು ಕ್ಯಾನು ಹಿಡಿದು ಉಡುಪಿಗೆ ಇಳಿದೆ. ಒಂದು ಬಂಕಿನಲ್ಲಿ ಸ್ಟಾಕು ಇಲ್ಲ. ಇನ್ನೊಂದರಲ್ಲಿ, "ಪ್ಲಾಸ್ಟಿಕ್ ಕ್ಯಾನಿಗೆ ಹಾಕಲಿಕ್ಕಿಲ್ಲ ಅಮ್ಮ, ರೂಲ್ಸ್ ಉಂಟು" ಎಂದರು. ರೂಲ್ಸ್ ಬಗ್ಗೆ ಊರಿಗೆಲ್ಲ ಉಪದೇಶ ಮಾಡಿದವಳು ನಾನು, ಏನು ಹೇಳಲಿ? ಖಾಲಿ ಕ್ಯಾನು ಹಿಡಿದು ವಾಪಸು ಬಂದೆ.

ಮಧ್ಯಾಹ್ನ ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು. ಮೆಷಿನ್ ಕೂಗಿತು. ಸಿಲಿಂಡರಿಗೆ ನಳಿಗೆ ಬದಲಿಸಿ ಅದರ ಮುಳ್ಳು ನೋಡಿದೆ. ಸಂಜೆಯ ತನಕ ಬರುವ ಹಾಗೆ ಕಾಣಲಿಲ್ಲ. ಆಂಬುಲೆನ್ಸಿಗೆ ಫೋನು ಮಾಡಬಹುದಿತ್ತು. ಆದರೆ ಲಿಫ್ಟು ಇಲ್ಲದೆ, ಆ ಉಸಿರಿನಲ್ಲಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕತ್ತಲೆಯ ಮೆಟ್ಟಿಲಲ್ಲಿ ಇಳಿಸುವುದು ಹೇಗೆ? ಕೀ ತೆಗೆದುಕೊಂಡು ಕೆಳಗೆ ಹೋದೆ.

ಎಲೆಕ್ಟ್ರಿಷಿಯನ್ ಎರಡು ದಿನದಿಂದ ಮನೆಗೆ ಹೋಗಿರಲಿಲ್ಲ. ವಿಷಯ ಕೇಳಿ ಹಿಂದೆ ಸರಿದ.

"ಟೀಚರೇ, ಮುಡಿಪಿಗೆ ನಾನು ಹೇಗೆ ಕೈ ಹಾಕುವುದು? ನನಗೂ ಮಕ್ಕಳು ಮರಿ ಉಂಟು."

"ಅದು ಡೀಸೆಲ್ ಮಾರಾಯ, ಬರೀ ಡೀಸೆಲ್!"

"ನೀವೇ ಹೇಳಿದ್ದಲ್ವಾ?"

ಅವನ ಮುಖ ನೋಡಿದೆ. ಅವನು ಹಟ ಮಾಡುತ್ತಿರಲಿಲ್ಲ, ಹೆದರಿದ್ದ. ಹೆದರಿಸಿದ್ದು ನಾನು. ಬಟ್ಟೆ ಬಿಚ್ಚಿ, ಬೀಗ ತೆಗೆದು, ನಳಿಗೆ ಇಳಿಸಿ, ಕೈಪಂಪು ಒತ್ತಿ ನಾನೇ ಕ್ಯಾನು ತುಂಬಿಸಿದೆ. ಅವನು ದೂರದಲ್ಲಿ ಟಾರ್ಚು ಹಿಡಿದು ನಿಂತಿದ್ದ. ಗಾಜಿನ ಕೊಳವೆಯಲ್ಲಿ ಎಣ್ಣೆ ಇಳಿಯುತ್ತ ಮೂರರಲ್ಲಿ ಎರಡು ಪಾಲಿನ ಗುರುತಿಗೆ ಎಳೆದ ಕೆಂಪು ಗೆರೆ ದಾಟಿತು. ಮೇಲೆ ವಾಚ್‌ಮ್ಯಾನ್ ಕೋಣೆಯಲ್ಲಿ ಗಂಟೆ ಶುರುವಾಯಿತು. ಬ್ಯಾಟರಿಯ ಗಂಟೆ, ಕರೆಂಟಿಲ್ಲದ ಕಟ್ಟಡದಲ್ಲಿ ಬೇರೆ ಸದ್ದೇ ಇಲ್ಲದೆ ಎಲ್ಲ ಮನೆಗೂ ಕೇಳಿಸಿತು. ಜನ ಮೆಟ್ಟಿಲಿನ ತನಕ ಬಂದು ನೋಡಿದರು. ಬೇಲಿಯೇ ಎದ್ದು ಹೊಲ ಮೇಯುವುದನ್ನು ನೋಡಿ ಯಾರೂ ಏನೂ ಅನ್ನಲಿಲ್ಲ. ಒಬ್ಬರಾದರೂ ಬೈದಿದ್ದರೆ ಹಗುರಾಗುತ್ತಿತ್ತು.

ಜನರೇಟರ್ ಓಡಿತು. ಮೆಷಿನ್ ಗುರುಗುಟ್ಟಿತು. ಅಕ್ಕ ಬದುಕಿದಳು. ಮರುದಿನ ಸಂಜೆ ಕರೆಂಟೂ ಬಂತು.

ಗಾಡಿ ಬಂದ ಕೂಡಲೇ ಟ್ಯಾಂಕನ್ನು ಗಂಟಲಿನ ತನಕ ತುಂಬಿಸಿದೆ. ನನ್ನ ಪ್ರಕಾರ ಅಲ್ಲಿಗೆ ಮುಗಿಯಿತು. ಎಲೆಕ್ಟ್ರಿಷಿಯನ್ ಪ್ರಕಾರ ಮುಗಿದಿರಲಿಲ್ಲ. "ಒಂದು ತಪ್ಪುಕಾಣಿಕೆ ಇಡಿ ಟೀಚರೇ" ಎಂದ. ಹರಕೆಯಲ್ಲಿ ಚ್ಯುತಿ ಬಂದರೆ ದೇವರ ಮುಂದೆ ತಪ್ಪಾಯಿತು ಎಂದು ಕಾಣಿಕೆ ಇಡುತ್ತೇವಲ್ಲ, ಅದು. ಅವನ ಸಮಾಧಾನಕ್ಕೆಂದು ಒಂದು ನಾಣ್ಯವನ್ನು ಟ್ಯಾಂಕಿನ ಮೇಲೆ ಇಟ್ಟು ಕೈ ಮುಗಿದೆ. ಕೀಯನ್ನು ವಾಚ್‌ಮ್ಯಾನ್ ಕೋಣೆಯಲ್ಲಿ ಇಡೋಣ, ನೀವು ಮನೆಯಲ್ಲಿ ಇಲ್ಲದಾಗ ದೊಡ್ಡ ಟೀಚರಿಗೆ ಹೆಚ್ಚುಕಡಿಮೆ ಆದರೆ ಎಂದು ಅಧ್ಯಕ್ಷರು ಹೇಳಿದಾಗ ಅದೂ ಸರಿಯೆಂದು ಕಂಡಿತು.

ಸ್ವಲ್ಪ ದಿನ ಕಳೆದು ಕೆಳಗೆ ಹೋದಾಗ ಟ್ಯಾಂಕಿನ ಮೇಲೆ ಎರಡು ನಾಣ್ಯ ಇದ್ದವು. ಎಣ್ಣೆ ಇಳಿದಿತ್ತು. ಆರನೆಯ ಮಹಡಿಯವರ ಮಗಳ ಮೆಹಂದಿಯ ದಿನ ಕರೆಂಟು ಕೈಕೊಟ್ಟು, ಅವರು ಒಂದು ಕ್ಯಾನು ತೆಗೆದು, ತಪ್ಪುಕಾಣಿಕೆ ಇಟ್ಟು, ಕೈ ಮುಗಿದು ಹೋಗಿದ್ದರಂತೆ. ಮುಂದಿನ ವಾರ ಇನ್ನಷ್ಟು ನಾಣ್ಯ, ಇನ್ನಷ್ಟು ಕಡಿಮೆ ಎಣ್ಣೆ. ಒಬ್ಬರು ಸೇವಂತಿಗೆ ಹೂವನ್ನೂ ಇಟ್ಟಿದ್ದರು. ಮೊದಲು ಕದ್ದು ತೆಗೆಯುವಾಗ ಒಂದು ಅಳುಕಾದರೂ ಇತ್ತು, ನಾಳೆ ತುಂಬಿಸುತ್ತೇವೆ ಎಂಬ ಸುಳ್ಳಾದರೂ ಇತ್ತು. ಈಗ ಕಾಣಿಕೆ ಇಟ್ಟ ಮೇಲೆ ಲೆಕ್ಕ ಚುಕ್ತಾ. ಗಂಟೆ ಹೊಡೆದು ಎಲ್ಲರಿಗೂ ಕಿರಿಕಿರಿ ಆಗುತ್ತದೆಂದು ಯಾರೋ ಅದರ ವೈರನ್ನೂ ಬಿಚ್ಚಿದ್ದರು. ನಾನು ಜೋಡಿಸಿದೆ. ಮತ್ತೆ ಬಿಚ್ಚಿದರು.

"ಅಧ್ಯಕ್ಷರೇ, ನಾಣ್ಯ ಹಾಕಿದರೆ ಪಂಪು ಓಡ್ತದಾ?" ಎಂದು ಜಗಳಕ್ಕೇ ಹೋದೆ.

ಅವರು ಕುರ್ಚಿ ಎಳೆದು ಕೂರಿಸಿದರು, ಕಾಫಿ ತರಿಸಿದರು. "ನೀವು ಹೇಳುವುದು ನೂರಕ್ಕೆ ನೂರು ಸರಿ ಟೀಚರೇ. ಆದರೆ ನಾನು ಯಾರಿಗೆ ಎಂತ ಹೇಳಲಿ? ನಿಮಗೆ ಒಂದು ನ್ಯಾಯ, ಅವರಿಗೆ ಒಂದು ನ್ಯಾಯ ಅಂತ ಕೇಳ್ತಾರೆ."

ನನ್ನದು ಉಸಿರಿನ ಪ್ರಶ್ನೆ, ಅವರದ್ದು ಮೆಹಂದಿ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅವರ ಕಾಫಿ ಕುಡಿದು ಎದ್ದು ಬಂದೆ. ಆಮೇಲೆ ನಾನೇ ತುಂಬಿಸುವುದು, ಅವರು ತೆಗೆಯುವುದು. ಎಲೆಕ್ಟ್ರಿಷಿಯನ್ ನಾಣ್ಯಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟ. ಅವುಗಳಿಂದ ಡೀಸೆಲ್ ತಾ ಎಂದರೆ, ದೇವರ ಹಣದಿಂದ ಹೇಗೆ ಟೀಚರೇ ಎಂದ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಕಳೆದ ಬೇಸಿಗೆಯಲ್ಲಿ ಒಂದು ದಿನ, ಲೈನು ರಿಪೇರಿ ಎಂದು ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ನಮ್ಮ ಸಿಲಿಂಡರ್ ತುಂಬಿಸಲು ಹೋದದ್ದು ವಾಪಸು ಬಂದಿರಲಿಲ್ಲ. ಜನರೇಟರ್ ಓಡುತ್ತಿತ್ತು, ಮೆಷಿನ್ ಗುರುಗುಟ್ಟುತ್ತಿತ್ತು. ಊಟ ಮುಗಿಸಿ ಅಕ್ಕನಿಗೆ ಪೇಪರ್ ಓದಿ ಹೇಳುತ್ತಿದ್ದೆ. ಸುಟ್ಟ ಎಣ್ಣೆಯ ವಾಸನೆ ಬಂತು. ಬಾಲ್ಕನಿಗೆ ಹೋಗಿ ಬಗ್ಗಿ ನೋಡಿದರೆ ನಾಲ್ಕನೆಯ ಮಹಡಿಯ ಅಡಿಗೆಮನೆಯ ಕಿಟಕಿಯಿಂದ ಕಪ್ಪು ಹೊಗೆ ಏಳುತ್ತಿದೆ. ಮೆಟ್ಟಿಲಿನಲ್ಲಿ ಚಪ್ಪಲಿಗಳ ಸದ್ದು, ಕೂಗು. ಯಾರೋ ನಮ್ಮ ಬಾಗಿಲು ಬಡಿದು, "ಇಳಿಯಿರಿ, ಇಳಿಯಿರಿ" ಎಂದು ಓಡಿದರು.

"ನೀನು ಇಳಿ" ಎಂದಳು ಅಕ್ಕ.

"ಸುಮ್ಮನಿರು" ಎಂದೆ. ಒದ್ದೆ ಟವೆಲನ್ನು ಬಾಗಿಲಿನ ಸಂದಿಗೆ ತುರುಕಿದೆ. ಮತ್ತೇನು ಮಾಡಬೇಕೆಂದು ತೋಚಲಿಲ್ಲ. ಅವಳ ಮಂಚದ ಮೇಲೆ ಕೂತೆ.

ಫೋನು ಹೊಡೆಯಿತು. ಎಲೆಕ್ಟ್ರಿಷಿಯನ್. ಟವೆಲಿನಿಂದ ಕೈ ಒದ್ದೆಯಾಗಿದ್ದುದರಿಂದ ಸ್ಪೀಕರಿಗೆ ಹಾಕಿದೆ.

"ಟೀಚರೇ, ಬೆಂಕಿಯ ಪಂಪು ಹಿಡಿಯುವುದಿಲ್ಲ. ಶುರುವಾಗಿ ನಿಂತಿತು. ಟ್ಯಾಂಕಿನಲ್ಲಿ ಎಣ್ಣೆ ಇಲ್ಲ."

"ಮೊನ್ನೆ ತುಂಬಿಸಿದ್ದೆನಲ್ಲ!"

ಆ ಕಡೆ ಅವನು ಅಳುತ್ತಿದ್ದ. "ಬೆಳಿಗ್ಗೆ ಜನರೇಟರಿಗೆ ನಾನೇ ಹಾಕಿದೆ ಟೀಚರೇ. ಗಾಡಿ ಬಂದಿರಲಿಲ್ಲ. ದೊಡ್ಡ ಟೀಚರಿಗೆ ಮೆಷಿನ್ ಬೇಕಲ್ಲ ಅಂತ. ಕಾಣಿಕೆ ಇಟ್ಟೇ ತೆಗೆದದ್ದು."

ಅವನೇ ಮುಂದುವರಿಸಿದ. "ಉಡುಪಿಯಿಂದ ಬೆಂಕಿಯ ಗಾಡಿ ಬರುವ ತನಕ ಬಕೆಟಿನಲ್ಲಿ ನೀರು ಹಾಕಬೇಕು. ವೈರು ಹೋಗುವ ಕಿಂಡಿಯ ತನಕ ಬೆಂಕಿ ಬಂದಿದೆ. ಜನರೇಟರ್ ಆಫ್ ಮಾಡದೆ ನೀರು ಹಾಕಿದರೆ ಇವರಿಗೆಲ್ಲ ಶಾಕ್ ಹೊಡೀತದೆ. ಆಫ್ ಮಾಡಲಾ? ಸಿಲಿಂಡರ್ ಉಂಟಲ್ಲ ನಿಮ್ಮಲ್ಲಿ?"

ಸಿಲಿಂಡರ್ ಇಲ್ಲ ಎಂದು ನಾನು ಹೇಳಬೇಕಿತ್ತು. ಅಥವಾ ಆಫ್ ಮಾಡು ಎಂದು ಹೇಳಬೇಕಿತ್ತು. ಎರಡರಲ್ಲಿ ಒಂದನ್ನು ಹೇಳಲೇಬೇಕಿತ್ತು. ಕೆಳಗೆ ಯಾರದೋ ಮಗು ಕಿರುಚುವುದು ಕೇಳಿಸುತ್ತಿತ್ತು. ಮಂಚದ ಪಕ್ಕದಲ್ಲಿ ಮೆಷಿನ್ ತನ್ನ ಪಾಡಿಗೆ ಗುರುಗುಟ್ಟುತ್ತಿತ್ತು.

"ಟೀಚರೇ? ಟೀಚರೇ?"

ಅಕ್ಕ ಕೈ ಚಾಚಿ ನನ್ನ ಬೆರಳುಗಳಿಂದ ಫೋನು ಬಿಡಿಸಿಕೊಂಡಳು. ನಾಲ್ಕು ಹೆಜ್ಜೆ ನಡೆದರೆ ಏದುವವಳ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

"ಆಫ್ ಮಾಡಪ್ಪ" ಎಂದಳು. ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಕೇಳಿಸಬೇಕೆಂದು ಮಾತಾಡುತ್ತಿದ್ದ ಅದೇ ದನಿ. "ಇಲ್ಲಿ ಸಿಲಿಂಡರ್ ಉಂಟು."

ಮೆಷಿನ್ ಕೂಗಿ ನಿಂತಿತು.

ಆಮೇಲಿನದ್ದು ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಗಡಿಯಾರದ ಕಡೆ ನೋಡುವ ಧೈರ್ಯ ಇರಲಿಲ್ಲ. ಅವಳನ್ನು ಎದೆಗೆ ಒರಗಿಸಿಕೊಂಡು ಕೂತಿದ್ದೆ. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಸೆಕೆ. ಪೇಪರಿನಿಂದ ಗಾಳಿ ಹಾಕಿದೆ, ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ಹಾಕಿದೆ. ಆಮ್ಲಜನಕದ ಪಾಠವನ್ನು ಎಷ್ಟು ವರ್ಷ ಮಾಡಿದ್ದೇನೆ ನಾನು! ಅವಳ ತುಟಿ ನೀಲಿಯಾಗುತ್ತ ಬಂತು. ಒಂದೊಂದು ಉಸಿರಿಗೂ ಹೆಗಲು ಎತ್ತಿ ಎತ್ತಿ ಎಳೆಯುತ್ತಿದ್ದಳು. ಮಾತಾಡಬೇಡ ಎಂದರೂ ಬಿಡದೆ, ಬಿಡಿಬಿಡಿಯಾಗಿ, "ಪಾಪ... ಅವನಿಗೆ... ಬೈಬೇಡ" ಎಂದಳು.

ಬೆಂಕಿ ಆರಿತು. ಅಧ್ಯಕ್ಷರೂ ಎಲೆಕ್ಟ್ರಿಷಿಯನ್ನೂ ಇನ್ನು ಕೆಲವರೂ ಸೇರಿ ಒದ್ದೆ ಗೋಣಿಚೀಲ ಹೊದಿಸಿ, ಬಕೆಟಿನಲ್ಲಿ ನೀರು ಎರಚಿ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಮೇಲಿನ ಮಹಡಿಗಳ ಲೈನು ಬೇರೆ ಮಾಡಿ ಜನರೇಟರ್ ಶುರು ಮಾಡಿದಾಗ ಅಕ್ಕನ ಕಣ್ಣು ಅರ್ಧ ಮುಚ್ಚಿತ್ತು. ಮೆಷಿನ್ ಓಡಿತು. ತುಂಬ ಹೊತ್ತಿನ ಮೇಲೆ ಅವಳ ತುಟಿಗೆ ಬಣ್ಣ ಬಂತು. ಹಣೆಯ ಬೆವರು ಒರೆಸುತ್ತಿದ್ದ ನನಗೆ ಅವಳ ಕೆನ್ನೆಗೆ ಒಂದು ಬಾರಿಸಬೇಕು ಎನ್ನುವಷ್ಟು ಸಿಟ್ಟು ಬಂತು. ಸಿಟ್ಟಿನಲ್ಲೇ ಅತ್ತೆ.

ಎಲೆಕ್ಟ್ರಿಷಿಯನ್ ಸಂಜೆ ಮೇಲೆ ಬಂದು ಬಾಗಿಲಲ್ಲೇ ನಿಂತಿದ್ದ. ಮೂಲೆಯಲ್ಲಿ ಸಿಲಿಂಡರ್ ಇಲ್ಲದ ಜಾಗ ನೋಡಿದ. ನನ್ನನ್ನು ನೋಡಿದ. ಒಳಗೆ ಬಾ ಎಂದರೂ ಬರಲಿಲ್ಲ.

ಈಗಲೂ ಟ್ಯಾಂಕು ತುಂಬಿಸುತ್ತೇನೆ. ಬೆಂಕಿ ಬಿದ್ದ ಮೇಲೆ ಸ್ವಲ್ಪ ದಿನ ಯಾರೂ ಮುಟ್ಟಲಿಲ್ಲ, ಈಗ ಮತ್ತೆ ಒಂದೆರಡು ನಾಣ್ಯ ಕಾಣಿಸಿಕೊಂಡಿವೆ. ಸಭೆಯಲ್ಲಿ ನಾನು ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ. ಮಳೆ ಹತ್ತಿರ ಬಂತು. ಗಾಳಿ ಎದ್ದರೆ ಜನರೇಟರ್ ಓಡಲೇಬೇಕು, ಅದರ ಎಣ್ಣೆ ಮುಗಿದರೆ ಟ್ಯಾಂಕಿನಿಂದ ತೆಗೆಯುವವರಲ್ಲಿ ನಾನೇ ಮೊದಲಿಗಳು, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಆಫ್ ಮಾಡಲಾ ಎಂದು ಇನ್ನೊಮ್ಮೆ ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಇಷ್ಟು ದಿನ ಯೋಚಿಸಿದರೂ ನನ್ನಲ್ಲಿ ಉತ್ತರವಿಲ್ಲ. ಅಕ್ಕನಲ್ಲಿ ಉಂಟು. ಅದಕ್ಕೇ ಈಗೀಗ ನನ್ನ ಫೋನನ್ನು ಅವಳ ಕೈಗೆ ಎಟಕದ ಕಡೆ ಇಡುತ್ತೇನೆ.